ಎಷ್ಟು ಬಂತು, ನಿಂಗೆಷ್ಟು ಉಳೀತು?

8,000 ಡಾಲರ್. ಆಗಿನ ದರದಲ್ಲಿ ಸುಮಾರು 6 ಲಕ್ಷ 60 ಸಾವಿರ ರೂಪಾಯಿ. ನನಗೆ ಉಳಿದದ್ದು ಸೊನ್ನೆ. ಇಷ್ಟು ತಿಳ್ಕೊಳ್ಳೋಕೆ ಬಂದವರು ಇಲ್ಲಿಂದಲೇ ಹೊರಡಬಹುದು, ಕಾಫಿಗೇನೂ ಇಟ್ಟಿಲ್ಲ.

ಈ ಪ್ರಶ್ನೆಯನ್ನು ನನಗೆ ಬಸ್ಸಿನಲ್ಲಿ ಕೇಳಿದ್ದಾರೆ, ಬ್ಯಾಂಕಿನ ಕ್ಯೂನಲ್ಲಿ ಕೇಳಿದ್ದಾರೆ, ಒಬ್ಬ ಹಲ್ಲಿನ ಡಾಕ್ಟರ್ ನನ್ನ ಬಾಯೊಳಗೆ ಕೈ ಹಾಕಿಕೊಂಡೇ ಕೇಳಿದ್ದಾರೆ. ಆಗ ಮಾತ್ರ ಉತ್ತರ ಕೊಡದಿರುವ ಅನುಕೂಲ ಇತ್ತು. ಪೂರ್ತಿ ಪ್ರಶ್ನೆ ಹೀಗಿರುತ್ತದೆ: ನೀನು ಅಮೆರಿಕಕ್ಕೆ ಹೋಗಿ ಬಂದವಳು, ಆಮೇಲೆ ಅವರು ಊರಲ್ಲಿ ಏನೋ ಮಾಡು ಅಂತ ದುಡ್ಡು ಕೊಟ್ಟರಂತೆ, ಎಷ್ಟು?

ಹೋಗಿದ್ದು ನಿಜ. ಕಮ್ಯುನಿಟಿ ಕಾಲೇಜ್ ಇನಿಶಿಯೇಟಿವ್ ಅಂತ ಅಮೆರಿಕದ ವಿದೇಶಾಂಗ ಇಲಾಖೆಯದೊಂದು ವಿನಿಮಯ ಕಾರ್ಯಕ್ರಮ. ಒಂದು ಶೈಕ್ಷಣಿಕ ವರ್ಷ ಅಲ್ಲಿನ ಕಾಲೇಜಿನಲ್ಲಿ ಓದು, ಒಂದಷ್ಟು ಇಂಟರ್ನ್‌ಶಿಪ್, ಒಂದಷ್ಟು ಸಮಾಜಸೇವೆ. ಕೊನೆಗೆ ಸಿಗೋದು ಪದವಿಯಲ್ಲ, ಸರ್ಟಿಫಿಕೇಟ್. ನಾನು ಓದಿದ್ದು ಕೃಷಿ. ನಮ್ಮಲ್ಲಿ ಇಂಥ ವಿನಿಮಯ ಅಂದ ತಕ್ಷಣ ನೆನಪಾಗೋದು ಫುಲ್‌ಬ್ರೈಟ್. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾಕ್ಕೆ ಹೋಗಿದ್ದು ಅದರಲ್ಲೇ. ನಾನು ಆ ಸಾಲಿನವಳಲ್ಲ, ಹಸುವಿನ ಮೇವಿನ ಬಗ್ಗೆ ಪ್ರಾಜೆಕ್ಟ್ ಬರೆದವಳು. ಅಲ್ಲೇ ಉಳೀಬಹುದಿತ್ತಲ್ಲ ಅನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಆ ವೀಸಾದಲ್ಲಿ ಹೋದವರು ತಮ್ಮ ದೇಶಕ್ಕೆ ವಾಪಸ್ ಬಂದು ಎರಡು ವರ್ಷ ಇರಲೇಬೇಕು ಅಂತ ಷರತ್ತಿದೆ. ನನ್ನ ದೇಶಪ್ರೇಮವನ್ನು ಹೊಗಳಿದವರು ದಯವಿಟ್ಟು ವಾಪಸ್ ತಗೊಳ್ಳಿ.

ಹಾಗೆ ಹೋಗಿಬಂದವರಿಗೇ ಅಂತ 2011ರಲ್ಲಿ ಒಂದು ನಿಧಿ ಶುರುವಾಯಿತು, ಅಲುಮ್ನಿ ಎಂಗೇಜ್‌ಮೆಂಟ್ ಇನೋವೇಶನ್ ಫಂಡ್. ಈಚಿನ ವರ್ಷಗಳಲ್ಲಿ ಒಂದು ಯೋಜನೆಗೆ 5,000ದಿಂದ 35,000 ಡಾಲರ್‌ವರೆಗೆ. ಒಬ್ಬರೇ ಅರ್ಜಿ ಹಾಕುವಂತಿಲ್ಲ, ಹೋಗಿಬಂದವರ ತಂಡ ಇರಬೇಕು. ನಮ್ಮದರಲ್ಲಿ ನಾನು, ಮಧುರೈನವನೊಬ್ಬ, ಕೋಝಿಕ್ಕೋಡಿನವಳೊಬ್ಬಳು. ಪಾವಗಡ ತಾಲ್ಲೂಕಿನ 4 ಹೈಸ್ಕೂಲುಗಳ 38 ಹುಡುಗಿಯರಿಗೆ ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆ ಮಾಡೋದು ಕಲಿಸಿ, ಅವರ ಕೈಲೇ ಊರಿನ ಬೋರುಗಳ ನಕ್ಷೆ ಬರೆಸೋದು. ಅಷ್ಟೇ ಯೋಜನೆ.

ಈಗ ಮಾವನ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಮಧುಗಿರಿಯಲ್ಲಿ ಸೋದರತ್ತೆ ಮಗನ ಗೃಹಪ್ರವೇಶ. ಎರಡನೇ ಪಂಕ್ತಿ. ಎಲೆ ಮೇಲೆ ಕೋಸಂಬರಿ, ಪಲ್ಯ ಬಿದ್ದಿತ್ತು, ಹೋಳಿಗೆ ಆಗಷ್ಟೇ ಸಾಲಿನ ತುದಿಗೆ ಬಂದಿತ್ತು. ಎದುರು ಕೂತಿದ್ದ ಮಾವ ಒಬ್ಬರು (ಹೆಸರು ಬೇಡ, ಅಮ್ಮ ಇದನ್ನು ಓದುತ್ತಾಳೆ) ನಾಲ್ಕು ಎಲೆ ಆಚೆಗೂ ಕೇಳುವ ಹಾಗೆ, "ಏನಮ್ಮ, ಅಮೆರಿಕದೋರು ನಿಂಗೆ ಎಷ್ಟು ಹಾಕಿದ್ರು?" ಅಂದರು.

ನನಗೆ ಚುಚ್ಚಿದ್ದು ಆ 'ಹಾಕಿದ್ರು'. ಹಸುವಿಗೆ ಹುಲ್ಲು ಹಾಕ್ತಾರೆ, ಭಿಕ್ಷೆ ಹಾಕ್ತಾರೆ, ಓಟಿಗೆ ಮುಂಚೆ ಮನೆಮನೆಗೆ ಏನೇನೋ ಹಾಕ್ತಾರೆ. ಆದರೂ ಮರ್ಯಾದೆಯಿಂದಲೇ ಹೇಳಿದೆ, ಆರು ಲಕ್ಷ ಚಿಲ್ಲರೆ ಮಾವ. "ಅದ್ರಲ್ಲಿ ನಿಂಗೆಷ್ಟು ಉಳೀತು?" ಏನೂ ಇಲ್ಲ ಅಂದೆ. ಮಾವ ನಕ್ಕರು. ಎರಡು ಸಲ ಪಂಚಾಯಿತಿ ಮೆಂಬರ್ ಆಗಿದ್ದ ಮನುಷ್ಯನ ನಗು ಅದು, ಅನುಭವಸ್ಥ ನಗು. ಅದು ನನಗೆ ತಡೆಯಲಿಲ್ಲ. "ನಿಮ್ಮ ಕಾಲದಲ್ಲಿ ಚರಂಡಿಗೆ ಬಂದಿತ್ತಲ್ಲ ಮಾವ, ಅದ್ರಲ್ಲಿ ಎಷ್ಟು ಉಳೀತು?"

ತುಪ್ಪ ಬಡಿಸುತ್ತಿದ್ದ ಹುಡುಗ ಸೌಟು ಹಿಡಿದುಕೊಂಡು ಹಾಗೇ ನಿಂತ. ತುಪ್ಪ ತೊಟತೊಟ ಪಕ್ಕದವರ ಉಪ್ಪಿನಕಾಯಿ ಮೇಲೆ ಬಿತ್ತು. ಅಮ್ಮ ತೊಡೆ ಚಿವುಟಿದಳು, ಎರಡು ದಿನ ಕಲೆ ಇತ್ತು. ಮಾವ ಹೋಳಿಗೆ ಮುರಿದು, "ತಮಾಷೆಗೆ ಕೇಳಿದ್ನಮ್ಮ" ಅಂದರು.

ತಮಾಷೆ ಅಲ್ಲ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ದುಡ್ಡು ಬಂದರೆ ಉಳಿಯಲೇಬೇಕು ಅನ್ನೋದು ನಮ್ಮವರ ಲೆಕ್ಕ. ಅದಕ್ಕೇ ಉಳಿಯದಿರುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದಾಗಿ, ಆ ದುಡ್ಡನ್ನು ನಾನು ಮುಟ್ಟಲೇ ಇಲ್ಲ. ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು. ಅದಿಲ್ಲದ ನಾವು, ಅದಿದ್ದ ಒಂದು ಟ್ರಸ್ಟಿನ ಬಾಗಿಲಿಗೆ ಹೋದೆವು. 2020ರ ತಿದ್ದುಪಡಿ ಆದಮೇಲೆ ಅಂಥ ದುಡ್ಡು ಮೊದಲು ಇಳಿಯಬೇಕಾದ್ದು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಪಾವಗಡದ ನೀರಿನ ದುಡ್ಡಾದರೂ ಅಷ್ಟೇ, ಅರುಣಾಚಲದ ಶಾಲೆಯ ದುಡ್ಡಾದರೂ ಅಷ್ಟೇ. ಆಡಳಿತ ವೆಚ್ಚಕ್ಕೆ ಮುಂಚೆ 50 ಪರ್ಸೆಂಟ್ ತನಕ ಅವಕಾಶ ಇತ್ತು, ಈಗ 20. ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗೂ ಇಲ್ಲ. ಹಾಗಾಗಿ ಪ್ರತಿ ಬಿಲ್ಲೂ ಟ್ರಸ್ಟಿನ ಹೆಸರಿಗೇ ಆಗಬೇಕು, ದುಡ್ಡೂ ಅವರ ಖಾತೆಯಿಂದಲೇ ಹೋಗಬೇಕು.

ಟ್ರಸ್ಟಿನ ಅಕೌಂಟೆಂಟ್ ಒಬ್ಬರು, ತುಂಬ ಒಳ್ಳೆಯವರು, ಆದರೆ ಬಿಲ್ ಇಲ್ಲದ ವಸ್ತು ಭೂಮಿ ಮೇಲೆ ಇದೆ ಅಂತಲೇ ನಂಬದ ಮನುಷ್ಯ. ಹುಡುಗಿಯರನ್ನು ಕರೆತಂದ ಆಟೋದವನು ಬಿಲ್ ಎಲ್ಲಿಂದ ತರಬೇಕು? ಕೊನೆಗೆ ಒಂಬತ್ತನೇ ಕ್ಲಾಸಿನವಳೊಬ್ಬಳು ನೋಟ್‌ಬುಕ್ ಹಾಳೆ ಹರಿದು, "ನಾಲ್ಕು ಟ್ರಿಪ್, ಮಳೆ ಬಂದಿದ್ದರಿಂದ ಐವತ್ತು ಜಾಸ್ತಿ" ಅಂತ ಬರೆದು ಅವನ ಸಹಿ ಹಾಕಿಸಿದಳು. ಆ ಐವತ್ತರ ಬಗ್ಗೆ ಮೂರು ಇಮೇಲ್ ಬಂದವು.

ಇನ್ನು ಕೊಡುವವರ ಕಡೆಯ ಪಟ್ಟಿ. ಸಂಬಳಕ್ಕೆ ಬಳಸುವಂತಿಲ್ಲ, ಆಫೀಸು ಬಾಡಿಗೆಗಿಲ್ಲ, ಕಟ್ಟಡಕ್ಕಿಲ್ಲ, ದೊಡ್ಡ ಯಂತ್ರಕ್ಕಿಲ್ಲ, ದಾನಧರ್ಮಕ್ಕಿಲ್ಲ, ಉಡುಗೊರೆ ಬಹುಮಾನಕ್ಕಿಲ್ಲ. ಚೆನ್ನಾಗಿ ಮಾಡಿದ ಹುಡುಗಿಯರಿಗೆ ಒಂದೊಂದು ಸ್ಟೀಲ್ ಡಬ್ಬಿ ಕೊಡಬೇಕು ಅಂತ ಆಸೆ ಇತ್ತು. ಆಗಲ್ಲ ಅಂದರು. ಅದಾಗಲೇ ನಡೆಯುತ್ತಿರುವ ಕಾರ್ಯಕ್ರಮದ ನಕಲೂ ಆಗಿರಬಾರದು. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐದು ಜನ ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸುವ ಏರ್ಪಾಡು ಇರುವುದರಿಂದ, ನಮ್ಮದು ಅದಲ್ಲ, ಇದು ಶಾಲೆ ಹುಡುಗಿಯರದ್ದು, ನಕ್ಷೆಯದ್ದು ಅಂತ ಒಂದೂವರೆ ಪುಟ ಬರೆದೆ. ಎಲ್ಲ ಮುಗಿದಮೇಲೆ 11,340 ರೂಪಾಯಿ ಮಿಕ್ಕಿತು. ವಾಪಸ್ ಕಳಿಸಿದೆವು. ಈ ವಾಕ್ಯ ಹೇಳಿದಾಗ ಜನ ನನ್ನನ್ನು ನೋಡುವ ರೀತಿ ಇದೆಯಲ್ಲ, ಕದ್ದಿದ್ದರೂ ಇಷ್ಟು ಕನಿಕರದಿಂದ ನೋಡುತ್ತಿರಲಿಲ್ಲ.

ಯೋಜನೆಯ ದುಡ್ಡಲ್ಲಿ ಕೊಂಡ ಪ್ರಿಂಟರ್ ವಿಷಯ ಹೇಳದಿದ್ದರೆ ನೀವೇ ಕೇಳುತ್ತೀರಿ. ಹೌದು, ಅದು ನಮ್ಮ ಮನೆಯಲ್ಲೇ ಇದೆ. ಇಡಬೇಕಿದ್ದ ಕೋಣೆಯಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ಟ್ರಸ್ಟಿನ ಸ್ಟಿಕ್ಕರ್ ಅಂಟಿಸಿದೆ, ಸ್ಟಾಕ್ ರಿಜಿಸ್ಟರಿನಲ್ಲಿ ಬರೆದಿದೆ. ಅದರಲ್ಲಿ ತಂಗಿಯ ಮದುವೆಯ ಜಾತಕ ಪ್ರಿಂಟ್ ಹಾಕಿದ್ದೂ ನಿಜ. ಎರಡು ಹಾಳೆ.

2025ರ ಫೆಬ್ರುವರಿಯಲ್ಲಿ ಪ್ರಶ್ನೆಯ ವರಸೆ ಬದಲಾಯಿತು. ಭಾರತದಲ್ಲಿ ಮತದಾನ ಹೆಚ್ಚಿಸಲು ಇಟ್ಟಿದ್ದರೆನ್ನಲಾದ 21 ಮಿಲಿಯನ್ ಡಾಲರ್ ರದ್ದಾಯಿತು ಅಂತ ಟಿವಿಯಲ್ಲಿ ವಾರಗಟ್ಟಲೆ ಓಡಿತಲ್ಲ, ಆಗ. ಅಲ್ಲಿತನಕ 'ಎಷ್ಟು ಕೊಟ್ರು' ಅನ್ನುತ್ತಿದ್ದವರು 'ಯಾಕೆ ಕೊಟ್ರು' ಅನ್ನತೊಡಗಿದರು. ಅದು ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಹೆಸರಿನ ಸುದ್ದಿ, ನಮ್ಮ ನಿಧಿ ವಿದೇಶಾಂಗ ಇಲಾಖೆಯದು, ಎರಡೂ ಬೇರೆ ಅಂದರೆ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಆದರೆ 'ಯಾಕೆ' ಅನ್ನೋದು 'ಎಷ್ಟು' ಅನ್ನೋದಕ್ಕಿಂತ ಒಳ್ಳೆಯ ಪ್ರಶ್ನೆ, ಅದಕ್ಕೆ ಸಿಟ್ಟಾಗಲ್ಲ. ಪುಕ್ಕಟೆ ಯಾರೂ ಕೊಡಲ್ಲ. ಅವರಿಗೆ ಬೇಕಾದ್ದು ಒಳ್ಳೆ ಹೆಸರು. ನಮ್ಮ ಬ್ಯಾನರಿನಲ್ಲಿ ಅವರ ಬಾವುಟ ಇತ್ತು, ವರದಿಯಲ್ಲಿ ನಗುವ ಹುಡುಗಿಯರ ಫೋಟೋ ಇತ್ತು. ನಾನು ಒಪ್ಪಿಯೇ ಅಂಟಿಸಿದ್ದು. ಆ ಬಾವುಟ ನೋಡಿ ಊರಿನಲ್ಲಿ ಯಾರೂ ಅಮೆರಿಕದ ಭಕ್ತರಾದಂತೆ ಕಾಣಲಿಲ್ಲ. ಬ್ಯಾನರ್ ಈಗ ಯಾರದೋ ಹುಣಸೆಹಣ್ಣು ಒಣಗಿಸಲು ಬಳಕೆಯಾಗುತ್ತಿದೆ.

ಇನ್ನೊಂದು ಮಾತು, ಇದನ್ನಂತೂ ಓದಿದವರೇ ಹೇಳುತ್ತಾರೆ: "ಆರು ಲಕ್ಷದಲ್ಲಿ ಒಂದು ಬೋರ್ ಕೊರೆಸಬಹುದಿತ್ತು."

ಸ್ವಾಮಿ, ಬೋರೇ ಅಲ್ಲವೇ ಕಾಯಿಲೆ. ನಮ್ಮ ಕಡೆಯ ಕಲ್ಲಿನಲ್ಲೇ ಫ್ಲೋರೈಡ್ ಇದೆ. ಬಾವಿಯಲ್ಲಿ ನೀರಿದ್ದ ಕಾಲದಲ್ಲಿ ಮೇಲಿನ ನೀರು ಕುಡಿಯುತ್ತಿದ್ದರು. ಬಾವಿ ಬತ್ತಿತು, ಆಳಕ್ಕೆ ಹೋದೆವು. ಬಂಡೆಯೊಳಗೆ ಬಹುಕಾಲ ನಿಂತ ನೀರು ಬಂಡೆಯದನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲ ಅಂದರೆ 1.5ರವರೆಗೆ ನಡೆಯುತ್ತೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದನ್ನು ದಾಟಿದ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ಇನ್ನೂ ಜಾಸ್ತಿ ಆದರೆ ದೊಡ್ಡವರ ಮಂಡಿ, ಬೆನ್ನು ಹಿಡಿದುಕೊಳ್ಳುತ್ತದೆ. ಕಾಯಿಸಿ ಕುಡಿಯುತ್ತೇವೆ ಬಿಡಿ ಅನ್ನುತ್ತಾರೆ. ಕಾಯಿಸಿದರೆ ನೀರು ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಇರುತ್ತದೆ.

ಇಷ್ಟೆಲ್ಲ ಹೇಳುವುದಕ್ಕೆ ನನಗೆ ಅವಕಾಶ ಸಿಗೋದೇ ಇಲ್ಲ ನೋಡಿ. ಎಷ್ಟು ಬಂತು ಅಂತ ನೂರು ಜನ ಕೇಳಿದ್ದಾರೆ, ಯಾವ ಬೋರಿನ ನೀರು ಹಳದಿ ಆಯ್ತು ಅಂತ ಒಬ್ಬರೂ ಕೇಳಿಲ್ಲ.

ಪರೀಕ್ಷೆ ಬಲು ಸುಲಭ. ಗಾಜಿನ ಸಣ್ಣ ನಳಿಗೆಯಲ್ಲಿ ಗೆರೆಯ ತನಕ ನೀರು, ಅದಕ್ಕೆ ಬಾಟಲಿಯಿಂದ ಹನಿಹನಿ ರಾಸಾಯನಿಕ, ಮುಚ್ಚಳ ಹಾಕಿ ತಲೆಕೆಳಗು ಮಾಡಿ ಒಂದಿಷ್ಟು ಹೊತ್ತು ಕಾಯೋದು. ಗುಲಾಬಿ ಬಣ್ಣ ನಿಂತರೆ ನೀರು ಪರವಾಗಿಲ್ಲ. ಫ್ಲೋರೈಡ್ ಹೆಚ್ಚಿದ ಹಾಗೆ ಗುಲಾಬಿ ಕಿತ್ತಳೆಗೆ ತಿರುಗಿ ಹಳದಿಗೆ ಹೋಗುತ್ತದೆ. ಬಣ್ಣದ ಪಟ್ಟಿಯ ಪಕ್ಕ ನಳಿಗೆ ಹಿಡಿದು ಹುಡುಗಿಯರು ಜಗಳವಾಡುತ್ತಿದ್ದರು, ಇದು ಕಿತ್ತಳೆನೇ, ಇಲ್ಲ ಕಣೆ ಹಳದಿ. ನೀರುಗಂಟಿ ಮೊದಲು ದೂರ ನಿಂತಿದ್ದವನು ಮೂರನೇ ದಿನ ತಾನೇ ಮೂರು ಬಾಟಲಿ ತುಂಬಿಸಿಕೊಂಡು ಬಂದ, ಯಾವ ಬೋರಿನದು ಅಂತ ಮಾತ್ರ ಹೇಳಲಿಲ್ಲ. ಮೊದಲು ಬಣ್ಣ ನೋಡಿ ಅಂದ.

ಒಂದು ಸಂಜೆ ಎಲ್ಲ ಕಟ್ಟಿಡುತ್ತಿದ್ದಾಗ ಅಜ್ಜಿಯೊಬ್ಬರು ಸೆರಗಿನಲ್ಲಿ ಮುಚ್ಚಿಕೊಂಡು ಚೊಂಬು ತಂದರು. ಆಂಧ್ರದ ಗಡಿ ನಮ್ಮದು, ಅವರು ಮಾತಾಡಿದ್ದು ತೆಲುಗಿನಲ್ಲಿ. ನಮ್ಮನೇದೂ ನೋಡಮ್ಮ ಅಂದರು. ಹುಡುಗಿಯೊಬ್ಬಳು ಹನಿ ಹಾಕಿದಳು. ನೀರು ನೋಡನೋಡುತ್ತಿದ್ದ ಹಾಗೇ ಹಳದಿಯಾಯಿತು, ನಿಚ್ಚಳ ಹಳದಿ. ಅಜ್ಜಿಯ ಮುಖ ಅರಳಿತು. ಅರಿಶಿನದ ಬಣ್ಣ ಬಂತಲ್ಲ, ಒಳ್ಳೇದಾಯ್ತು ಅಂದರು.

ಅರ್ಜಿಯಲ್ಲಿ 'ಸಂಭವನೀಯ ಅಪಾಯಗಳು' ಅನ್ನುವ ಕಡೆ ನಾನು ಮಳೆ, ಪರೀಕ್ಷೆ ಸಮಯ, ಹೆತ್ತವರ ಒಪ್ಪಿಗೆ ಅಂತೆಲ್ಲ ಬರೆದಿದ್ದೆ. ಅರಿಶಿನ ಹೊಳೆದಿರಲಿಲ್ಲ. ಹುಡುಗಿಯೇ ಅಜ್ಜಿಗೆ ಬಿಡಿಸಿ ಹೇಳಿದಳು. ಅಜ್ಜಿ ಚೊಂಬಿನೊಳಗೆ ಒಮ್ಮೆ ಇಣುಕಿ ನೋಡಿ, "ಮತ್ತೆ ಯಾವ ನೀರು ಕುಡೀಲಿ?" ಅಂದರು.

ಅದಕ್ಕೆ ನನ್ನ ಹತ್ತಿರ ಇದ್ದ ಉತ್ತರ, ಎರಡು ಕಿಲೋಮೀಟರ್ ಆಚೆಯ ಫಿಲ್ಟರ್ ನೀರಿನ ಘಟಕ. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನು. ಕ್ಯಾನು ಹೊರುವವರು ಯಾರು ಅಂತ ಅಜ್ಜಿ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಂತಿಮ ವರದಿಯಲ್ಲಿ ಆ ಚೊಂಬು ಒಂದು ಸಂಖ್ಯೆಯಾಗಿ ಹೋಯಿತು.

ವರದಿ ಒಪ್ಪಿಗೆಯಾಗಿ, ಆಡಿಟ್ ಮುಗಿದು ಎಷ್ಟೋ ತಿಂಗಳಾಗಿದೆ. ರಾಸಾಯನಿಕದ ಬಾಟಲಿಗಳ ಅವಧಿಯೂ ಮುಗಿದಿದೆ. ಎರಡು ಶಾಲೆಯ ಹುಡುಗಿಯರು ಈಗಲೂ ಬೇಸಿಗೆ ಬಂದಾಗ ಫೋನ್ ಮಾಡುತ್ತಾರೆ, ಅಕ್ಕ, ನಳಿಗೆ ಇದೆ, ಹನಿ ಇಲ್ಲ. ಹೋದ ತಿಂಗಳು ತುಮಕೂರಿನ ಅಂಗಡಿಯಲ್ಲಿ ನಾಲ್ಕು ಬಾಟಲಿ ಕೊಂಡೆ, ಸಂಬಳದ ದುಡ್ಡಿನಲ್ಲಿ. ಅಭ್ಯಾಸಬಲ, ಜಿಎಸ್‌ಟಿ ಬಿಲ್ ಕೊಡಿ ಅಂದೆ. ಅಂಗಡಿಯವನು ಪೆನ್ನು ತೆಗೆದು, "ಯಾರ ಹೆಸರಿಗೆ ಮೇಡಂ?" ಅಂದ.