ಮಸಿ ಹೆಚ್ಚಾದ ಪ್ರತಿ

ಶನಿವಾರ ಕೇಳಿದ ಒಂದು ಪ್ರಶ್ನೆಗೆ ಬುಧವಾರವಾದರೂ ನಾಚಿಕೆ ಹೋಗಿಲ್ಲ. ಕೇಳಿದವಳು ನಾನೇ.

ಬ್ರೆಜಿಲಿನ ಬೆಜೆರೋಸ್ ಊರಿನ ಆ ಪುಟ್ಟ ಮರದಚ್ಚಿನ ಕಾರ್ಯಾಗಾರದಲ್ಲಿ, ತಂತಿಗೆ ಕ್ಲಿಪ್ ಹಾಕಿ ಒಣಗಲು ಬಿಟ್ಟಿದ್ದ ಕಾಗದಗಳ ನಡುವೆ ಒಂದೇ ಚಿತ್ರದ ಒಂಬತ್ತು ಪ್ರತಿಗಳಿದ್ದವು. ಗೇರುಮರ, ಕೋಲು ಎತ್ತಿ ನಿಂತ ಹೆಂಗಸು, ಹಣ್ಣಿಗೆ ಬಾಯಿ ತೆರೆದ ಕತ್ತೆ. ಪುತ್ತೂರಿನ ಕಡೆಯವಳಿಗೆ ಇದಕ್ಕಿಂತ ಹೆಚ್ಚೇನು ಬೇಕು? ದುಡ್ಡು ಕೊಟ್ಟು ಎತ್ತಿಕೊಂಡು ಬಂದಿದ್ದರೆ ಮುಗಿಯುತ್ತಿತ್ತು. ಆದರೆ ತಿಳಿದವಳಂತೆ ಮುಖ ಮಾಡಿಕೊಂಡು, "ಇದರಲ್ಲಿ ಒರಿಜಿನಲ್ ಯಾವುದು?" ಎಂದೆ.

ಜೊತೆಗೆ ಬಂದಿದ್ದ ರೆಸಿಫೆಯ ಸಹೋದ್ಯೋಗಿ ಅನುವಾದಿಸಲು ಬಾಯಿ ತೆರೆಯುವಷ್ಟರಲ್ಲಿ ಅಚ್ಚು ಹಾಕುತ್ತಿದ್ದವರು ತಲೆ ಎತ್ತಿದ್ದರು. ಪೋರ್ಚುಗೀಸಿನಲ್ಲೂ ಒರಿಜಿನಲ್ ಹೆಚ್ಚುಕಡಿಮೆ ಒರಿಜಿನಲ್ಲೇ. ಅರವತ್ತರ ಆಸುಪಾಸಿನವರು, ಉಗುರಿನ ಸಂದಿಗಳೆಲ್ಲ ಕಪ್ಪು. ಏನೋ ಕೇಳಿದರು. ಸಹೋದ್ಯೋಗಿ ನಕ್ಕಳು, ಬಾಗಿಲಲ್ಲಿ ಕುಳಿತಿದ್ದ ಹುಡುಗನೂ ನಕ್ಕ. ಅರ್ಥಕ್ಕಿಂತ ಮೊದಲು ನಗು ಬಂದು ತಲುಪಿದರೆ ಎಷ್ಟು ಇರಿಸುಮುರಿಸು ಎನ್ನುವುದು ಪರಭಾಷೆಯ ಊರಿನಲ್ಲಿ ಬದುಕಿದವರಿಗೇ ಗೊತ್ತು.

"ನಿಮ್ಮ ತಾಯಿಗೆ ಎಷ್ಟು ಮಕ್ಕಳು ಎಂದು ಕೇಳುತ್ತಿದ್ದಾರೆ."

"ಇಬ್ಬರು. ನಾನು, ತಮ್ಮ."

"ಅದರಲ್ಲಿ ಒರಿಜಿನಲ್ ಯಾರು ಎಂದು ಕೇಳುತ್ತಿದ್ದಾರೆ."

ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಅವರು ಮಾತ್ರ ನಗಲಿಲ್ಲ. ಮತ್ತೆ ಹಲಗೆಗೆ ಬಗ್ಗಿ ರೋಲರಿನಿಂದ ಮಸಿ ಬಳಿದರು, ಕಾಗದ ಹಾಸಿದರು, ಚಮಚದ ಬೆನ್ನಿನಿಂದ ಉಜ್ಜತೊಡಗಿದರು. ಮೊದಲು ಮರದ ಎಲೆಗಳ ಮೇಲೆ, ಆಮೇಲೆ ಹೆಂಗಸಿನ ಲಂಗದ ಮೇಲೆ, ಕೊನೆಗೆ ಅಂಚಿಗೆ. ಕತ್ತೆಯ ಕಣ್ಣಿನ ಹತ್ತಿರ ಚಮಚ ನಿಧಾನವಾಯಿತು. ಮೂಲೆ ಹಿಡಿದು ಕಾಗದ ಎತ್ತುವಾಗ ಹಸಿ ಮಸಿ ಬಿಡುವ ಚರ್ ಎಂಬ ಸಣ್ಣ ಸದ್ದು. ತಂತಿಗೆ ಹತ್ತನೆಯದು ಏರಿತು.

ರೆಸಿಫೆಯಿಂದ ನೂರು ಕಿಲೋಮೀಟರ್ ಒಳನಾಡಿಗೆ ಹೋದರೆ ಸಿಗುವ ಈ ಊರಿನ ಹೆಸರು ಹೊರಗೆ ತಿಳಿದದ್ದು ಮರದಚ್ಚಿನ ಕಲಾವಿದ ಜೆ. ಬೋರ್ಜೆಸ್ ಅವರಿಂದ. ಶಾಲೆಗೆ ಹೋದದ್ದು ಹತ್ತು ತಿಂಗಳು ಮಾತ್ರ. ಸಂತೆಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಪದ್ಯದ ಕಿರುಪುಸ್ತಕಗಳನ್ನು 1964ರಲ್ಲಿ ಬರೆಯಲು ಆರಂಭಿಸಿದರು. ನಮ್ಮ ಯಕ್ಷಗಾನ ಪ್ರಸಂಗದ ಪುಸ್ತಕಗಳನ್ನು ನೆನೆಸಿಕೊಂಡರೆ ಗಾತ್ರವೂ ಕಾಗದವೂ ಕಣ್ಣಿಗೆ ಬರುತ್ತವೆ. ಎರಡನೆಯ ಪುಸ್ತಕದ ಹೊದಿಕೆಗೆ ಚಿತ್ರ ಬರೆಯಿಸಲು ದುಡ್ಡಿರಲಿಲ್ಲ, ತಾವೇ ಮರದ ತುಂಡು ಹಿಡಿದು ಊರಿನ ಚರ್ಚನ್ನು ಕೆತ್ತಿದರು. ಅಲ್ಲಿಂದ ಶುರುವಾದದ್ದು, 2023ರಲ್ಲಿ ಬ್ರೆಜಿಲ್ ಅಧ್ಯಕ್ಷ ಲೂಲಾ ಪೋಪ್ ಫ್ರಾನ್ಸಿಸ್ ಅವರಿಗೆ ಬೋರ್ಜೆಸ್ ಅವರದೇ ಒಂದು ಅಚ್ಚುಚಿತ್ರವನ್ನು ಉಡುಗೊರೆಯಾಗಿ ಕೊಡುವವರೆಗೂ ಬಂತು. ಬೋರ್ಜೆಸ್ 2024ರ ಜುಲೈಯಲ್ಲಿ, 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಕ್ಕಳೂ ಇದೇ ಕೆಲಸದಲ್ಲಿದ್ದಾರೆ. ಪೋಪ್ ಅವರಿಗೆ ಸಿಕ್ಕಿದ್ದು ಒರಿಜಿನಲ್ಲೋ ಅಲ್ಲವೋ ಎಂದು ಅಲ್ಲಿ ಯಾರೂ ಕೇಳಿರಲಾರರು. ಕೇಳಲು ನನ್ನಂಥವಳೇ ಬೇಕು.

ನನಗೆ ಸಿಟ್ಟು ಬಂದದ್ದು ಮುಖ್ಯವಾಗಿ ನನ್ನ ಮೇಲೆಯೇ, ಏಕೆಂದರೆ ನಾನು ಅಚ್ಚಿನ ಮಸಿಯ ವಾಸನೆಯಲ್ಲಿ ಬೆಳೆದವಳು. ದೊಡ್ಡಪ್ಪ ಅಚ್ಚುಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಮದುವೆಯ ಕಾಲದಲ್ಲಿ ಒಂದೇ ಗಣಪತಿಯ ಬ್ಲಾಕು ದಿನಕ್ಕೆ ಮೂರು ಮನೆಯ ಆಮಂತ್ರಣಕ್ಕೆ ಹೋಗುತ್ತಿತ್ತು. ಸೊಂಡಿಲಿನ ತುದಿ ಸವೆದಿದ್ದರಿಂದ ಸುತ್ತಲಿನ ಐದಾರು ಊರುಗಳಲ್ಲಿ ಮದುವೆಯಾದವರೆಲ್ಲರ ಗಣಪತಿಗೂ ಸೊಂಡಿಲು ಗಿಡ್ಡ. ಈ ಗೇರುಮರದ ಚಿತ್ರದಲ್ಲೂ ಹಾಗೆಯೇ. ಹಲಗೆಯ ಮೇಲೆ ಅಕ್ಷರಗಳನ್ನು ತಿರುಗಿಸಿ ಕೆತ್ತಬೇಕು, ಕೆಳಗಿನ ಶೀರ್ಷಿಕೆಯಲ್ಲಿ ಒಂದು ಎಸ್ ಅನ್ನು ಮರೆತು ನೇರವಾಗಿ ಕೆತ್ತಿದ್ದಾರೆ. ಹಾಗಾಗಿ ಹತ್ತು ಪ್ರತಿಗಳಲ್ಲೂ ಅದೊಂದು ಅಕ್ಷರ ಬೆನ್ನು ಹಾಕಿ ನಿಂತಿದೆ, ನಮ್ಮ ಮನೆಯವರೆಲ್ಲರ ಮೂಗಿನ ಹಾಗೆ. ಅದನ್ನು ಕಂಡೂ ಆ ಪ್ರಶ್ನೆ ನನ್ನ ಬಾಯಲ್ಲಿ ಬಂತು.

ಸೋಮವಾರ ಕಚೇರಿಯಲ್ಲಿ ನಮ್ಮ ದೇಶದವರೇ ಆದ ಇನ್ನೊಬ್ಬರು ಚಿತ್ರವನ್ನು ಮೊಬೈಲಿನಲ್ಲಿ ನೋಡಿ, "ಸಂಖ್ಯೆ ಹಾಕಿಲ್ಲವಲ್ಲ? ಐವತ್ತರಲ್ಲಿ ಹನ್ನೆರಡನೆಯದು ಎಂದು ಪೆನ್ಸಿಲಿನಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಮುಂದೆ ಬೆಲೆ ಬರುವುದಿಲ್ಲ" ಎಂದರು. ಒಳ್ಳೆಯವರೇ, ಜ್ವರ ಬಂದಾಗ ಮನೆಗೆ ಗಂಜಿ ತಂದುಕೊಟ್ಟವರು. ಆದರೆ ಹೋಳಿಗೆ ತಿನ್ನುವಾಗಲೂ ತುಪ್ಪದ ದರ ಹೇಳುವ ಜಾತಿ. ಕೊಟ್ಟದ್ದು ಇಲ್ಲಿನ ಹಣದಲ್ಲಿ 80 ರಿಯಲ್. ಅದನ್ನು ಮುಂದೆ ಮಾರಿ ನಾನೇನು ತೋಟ ಕೊಳ್ಳುವುದಿತ್ತೇ?

ಅವರ ಮಾತಿಗೆ ಉತ್ತರ ಹುಡುಕುತ್ತ ಅಂದು ರಾತ್ರಿ ಓದುತ್ತ ಕುಳಿತೆ. ರೆಸಿಫೆಯ ಪಕ್ಕದ ಒಲಿಂಡಾದಲ್ಲಿ ಬದುಕಿದ್ದ ಮರದಚ್ಚಿನ ಕಲಾವಿದ ಗಿಲ್ವಾನ್ ಸಮೀಕೊ ಕೊನೆಕೊನೆಗೆ ವರ್ಷಕ್ಕೊಂದೇ ಹಲಗೆ ಕೆತ್ತುತ್ತಿದ್ದರಂತೆ. ಅದೂ ಒಂದು ಶಿಸ್ತು, ಸರಿ. ನನ್ನನ್ನು ಎಬ್ಬಿಸಿ ಕೂರಿಸಿದ್ದು ರಿಯೊದ ಕಲಾವಿದೆ ಬೀಟ್ರಿಸ್ ಮಿಲಾಜಿಸ್. ಅವರ ಒಂದು ವರ್ಣಚಿತ್ರ 2012ರಲ್ಲಿ ಹರಾಜಿನಲ್ಲಿ ಸುಮಾರು 21 ಲಕ್ಷ ಡಾಲರಿಗೆ ಹೋಗಿದೆ. ಜಗತ್ತಿನಲ್ಲಿ ಒಂದೇ ಒಂದು, ಒರಿಜಿನಲ್ ಎಂದರೆ ಅಷ್ಟು ಒರಿಜಿನಲ್. ಆದರೆ ಅವರು ಚಿತ್ರ ಮಾಡುವ ಬಗೆ ನೋಡಿ: ಪ್ಲಾಸ್ಟಿಕ್ ಹಾಳೆಯ ಮೇಲೆ ಆಕ್ರಿಲಿಕ್ ಬಣ್ಣದಲ್ಲಿ ಹೂವು, ಬಳೆ, ಸುತ್ತುಗಳನ್ನು ಬರೆದು, ಒಣಗಿದ ಮೇಲೆ ಆ ಬಣ್ಣದ ಪದರವನ್ನು ಕ್ಯಾನ್ವಾಸಿಗೆ ಅಂಟಿಸಿ, ಹಾಳೆಯನ್ನು ಸುಲಿದು ತೆಗೆಯುತ್ತಾರೆ. ಹಾಳೆಗೆ ಅಂಟಿದ್ದ ಮುಖ ನಮಗೆ ಕಾಣುತ್ತದೆ, ಅವರು ಮೊದಲು ಬಳಿದ ಬಣ್ಣವೇ ಎಲ್ಲಕ್ಕಿಂತ ಮೇಲೆ ಬರುತ್ತದೆ. ಅಂದರೆ ಲಕ್ಷಾಂತರ ಡಾಲರಿನ ಆ ಚಿತ್ರವೂ ಒಂದು ಬಗೆಯಲ್ಲಿ ಒತ್ತಿ ಎತ್ತಿದ್ದೇ. ಇದನ್ನು ಕಚೇರಿಯಲ್ಲಿ ಹೇಳಬೇಕೆಂದುಕೊಂಡೆ. ಬೆಳಿಗ್ಗೆ ಎದ್ದಾಗ ಆ ಉತ್ಸಾಹ ಇರಲಿಲ್ಲ. ತುಪ್ಪದ ದರಕ್ಕೆ ತುಪ್ಪದ ದರವನ್ನೇ ಉತ್ತರವಾಗಿ ಕೊಟ್ಟಂತೆ ಆಗುತ್ತಿತ್ತು.

ನಿನ್ನೆ ಅಮ್ಮನಿಗೆ ವಿಡಿಯೊ ಕರೆ ಮಾಡಿ ಚಿತ್ರ ತೋರಿಸಿದೆ. "ಇದು ನಮ್ಮ ಗುಡ್ಡೆಯ ಗೇರುಮರವಲ್ಲವಾ?" ಎಂದರು. ಮರ ಹುಟ್ಟಿದ್ದೇ ಇಲ್ಲಿ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಕಡೆಗೆ ತಂದರು ಎಂದು ವಿವರಿಸಿದರೆ, "ಇರಲಿ ಬಿಡು, ಈಗ ನಮ್ಮದೇ" ಎಂದರು. ಕಾರ್ಯಾಗಾರದ ಕಥೆಯನ್ನೂ ಹೇಳಿದೆ. ನಗುತ್ತಾರೆಂದುಕೊಂಡು, "ಹಾಗಾದರೆ ಹೇಳಮ್ಮ, ನಮ್ಮಿಬ್ಬರಲ್ಲಿ ಒರಿಜಿನಲ್ ಯಾರು?" ಎಂದು ಕೇಳಿದೆ.

ಅಮ್ಮ ಯೋಚಿಸಲೇ ಇಲ್ಲ. "ಇಬ್ಬರೂ. ನಿನಗೆ ಮಸಿ ಸ್ವಲ್ಪ ಹೆಚ್ಚಾಯಿತು, ಅಷ್ಟೇ."

ಹಿಂದಿನಿಂದ ತಮ್ಮ ಜೋರಾಗಿ ನಕ್ಕದ್ದು ಕೇಳಿಸಿತು. ಅಮ್ಮನ ಮಾತಿನಲ್ಲಿ ವಿಷ ಇರಲಿಲ್ಲ, ಇರುವುದೂ ಇಲ್ಲ. ಆದರೆ ತಮ್ಮ ಬಿಳಿ, ನಾನು ಕಪ್ಪು ಎನ್ನುವುದನ್ನು ಮದುವೆ ಮನೆಗಳಲ್ಲಿ, ಸೀರೆ ಅಂಗಡಿಗಳಲ್ಲಿ, ಒಮ್ಮೆ ಹುಡುಗನ ಕಡೆಯವರ ಎದುರಿನಲ್ಲಿ ಕೇಳಿಕೊಂಡೇ ಬೆಳೆದವಳು ನಾನು. ಸಾವಿರಾರು ಮೈಲಿ ದೂರ ಬಂದರೂ ಆ ಮಾತಿಗೆ ನನ್ನ ವಿಳಾಸ ಗೊತ್ತು. ನಗುತ್ತಲೇ ಫೋನ್ ಇಟ್ಟೆ.

ಆಮೇಲೆ ನೆನಪಾಯಿತು. ಶನಿವಾರ ಅಚ್ಚು ಹಾಕುತ್ತಿದ್ದವರು ನನಗೆ ಮೊದಲು ಕೊಡಲು ಹೊರಟದ್ದು ಬೇರೆಯ ಪ್ರತಿಯನ್ನು. ಎಡದಿಂದ ಮೂರನೆಯದು. ಮಸಿ ದಪ್ಪವಾಗಿ ಕುಳಿತು ಕತ್ತೆಯ ಕಣ್ಣು ಮುಚ್ಚಿಹೋಗಿತ್ತು, ಎಲೆಗಳ ಗೆರೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು. "ಇದು ಬೇಡ, ಕಪ್ಪು ಹೆಚ್ಚಾಗಿದೆ, ಬೇರೆ ಕೊಡಿ" ಎಂದವಳು ನಾನು. ಅವರು ಏನೂ ಹೇಳದೆ ಅದನ್ನು ತಿರುಗಿ ತಂತಿಗೆ ಹಾಕಿದ್ದರು.

ತಮ್ಮನಿಂದ ಇಂದು ಸಂದೇಶ ಬಂದಿದೆ: "ನನಗೂ ಅದೇ ಚಿತ್ರ ಒಂದು ಬೇಕು." ನನ್ನ ಹತ್ತಿರ ಇರುವ ಚೊಕ್ಕ ಪ್ರತಿಯನ್ನು ಅವನಿಗೆ ಕಳಿಸುತ್ತೇನೆ. ಕಾರ್ಯಾಗಾರಕ್ಕೆ ಫೋನ್ ಮಾಡುವಂತೆ ಸಹೋದ್ಯೋಗಿಗೆ ಹೇಳಿದ್ದೇನೆ. ಆ ಮೂರನೆಯದು ಇನ್ನೂ ಇದ್ದರೆ ಯಾರಿಗೂ ಕೊಡದೆ ಇಟ್ಟಿರಲಿ, ಶನಿವಾರ ಬರುತ್ತೇನೆ ಎಂದು. ಯಾವುದು ಎಂದು ಹೇಗೆ ಹೇಳಲಿ ಎಂದು ಅವಳು ಕೇಳಿದಳು.

"ಕತ್ತೆಗೆ ಕಣ್ಣಿಲ್ಲದ್ದು ಎನ್ನು."