ಪ್ರೊಸೆಸರ್‌ಗಿಂತ ಮೊದಲು ಎಸ್‌ಎಂಪಿಎಸ್

ಬಟವಾಡಿಯ ಮದುವೆ ಛಾಯಾಗ್ರಾಹಕರೊಬ್ಬರಿಗೆ ನಾನು ಜೋಡಿಸಿಕೊಟ್ಟ ಮೊದಲ ಹೋಮ್ ಸರ್ವರ್, ಅಂದರೆ ಫೈಲ್‌ಗಳನ್ನು ಇಟ್ಟು ಕೊಡುವ ಮನೆಯ ಕಂಪ್ಯೂಟರ್, ಏಳೇ ತಿಂಗಳಿಗೆ ನಿಂತುಹೋಯಿತು. ನಿಲ್ಲಿಸಿದ್ದು ನೂರು ರೂಪಾಯಿ ಬೆಲೆಯೂ ಇಲ್ಲದ ಒಂದು ಕನೆಕ್ಟರ್. ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವ ನಾನು ಅದನ್ನು ಆರಿಸಿದ್ದೆ, ತಪ್ಪು ನನ್ನದೇ.

ಅವರು ತಂದಿದ್ದ ಹಣ 25,000 ರೂಪಾಯಿ. ಅರ್ಧಕ್ಕೂ ಹೆಚ್ಚನ್ನು ಹೊಸ ಪ್ರೊಸೆಸರ್, ಮದರ್‌ಬೋರ್ಡ್‌ಗೆ ಹಾಕಿಸಿದೆ. ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ಗೆ ದುಡ್ಡು ಸಾಲದೆ ಅಂಗಡಿಯ ಕಪಾಟಿನಲ್ಲಿದ್ದ ಹಳೆಯದನ್ನೇ ಕೂರಿಸಿದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎನ್ನುವುದು ಇದಕ್ಕೇ. ಅದರಲ್ಲಿ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪವರ್ ಪಿನ್ನು ಇದ್ದದ್ದು ಎರಡು, ಡಿಸ್ಕ್‌ಗಳು ಮೂರು. ಮೂರನೆಯದಕ್ಕೆ ಹಳೆಯ ಕಾಲದ ನಾಲ್ಕು ಪಿನ್ನಿನ ತಂತಿಯಿಂದ ಸಾಟಾಗೆ ಬದಲಿಸುವ ಕೇಬಲ್ ಹಾಕಿದೆ.

ಸುಟ್ಟದ್ದು ಅದೇ. ಕೈಯಲ್ಲಿ ಹಿಡಿದು ನೋಡಿದೆ: ಒಂದು ಮೂಲೆ ಕಪ್ಪಾಗಿ ಉಬ್ಬಿತ್ತು, ಪ್ಲಾಸ್ಟಿಕ್ ಕರಗಿ ಡಿಸ್ಕಿನ ಪಿನ್ನುಗಳಿಗೆ ಮೆತ್ತಿಕೊಂಡಿತ್ತು. ಈ ಕೇಬಲ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ತಂತಿಗಳನ್ನು ಅಚ್ಚಿನಲ್ಲಿಟ್ಟು ಮೇಲೆ ಪ್ಲಾಸ್ಟಿಕ್ ಎರೆದಿರುತ್ತಾರೆ. ಒಳಗೆ ತಂತಿ ಜರುಗಿದ್ದರೂ ಹೊರಗೆ ಕಾಣುವುದಿಲ್ಲ. 12 ವೋಲ್ಟಿನ ತಂತಿ ಪಕ್ಕದ್ದಕ್ಕೆ ತಾಗಿದರೆ ಬೆಂಕಿಯೇ. ಇನ್ನೊಂದರಲ್ಲಿ ತಂತಿಯನ್ನು ಪಿನ್ನಿಗೆ ಒತ್ತಿ, ಹಿಂದಿನಿಂದ ಮುಚ್ಚಳ ಹಾಕಿರುತ್ತಾರೆ. ಅದು ಎಷ್ಟೋ ವಾಸಿ. ಈಗ ನಾನು ಎರಡನ್ನೂ ಬಳಸುವುದಿಲ್ಲ. ಡಿಸ್ಕ್ ಎಷ್ಟಿವೆಯೋ ಅಷ್ಟು ಸಾಟಾ ಪಿನ್ನು ಎಸ್‌ಎಂಪಿಎಸ್‌ನಲ್ಲೇ ಇರಬೇಕು. ತಿರುಗಲು ಶುರುಮಾಡುವಾಗ ದೊಡ್ಡ ಡಿಸ್ಕ್ ಒಂದೊಂದೂ 12 ವೋಲ್ಟಿನ ತಂತಿಯಿಂದ 2 ಆಂಪಿಯರ್ ಆಸುಪಾಸು ಎಳೆಯುತ್ತದೆ. ಆ ಹೊರೆಯನ್ನು ಕಪಾಟಿನ ಹಳೆಯ ಸರಕಿನ ಮೇಲೆ ಹೇರಬಾರದು.

ಆ ಡಿಸ್ಕಿನಲ್ಲಿದ್ದ ಎಂಟು ಮದುವೆಗಳಲ್ಲಿ ಏಳಕ್ಕೆ ಬೇರೆ ಕಡೆ ಪ್ರತಿ ಇತ್ತು. ಗುಬ್ಬಿಯ ಒಂದು ಮದುವೆಗೆ ಇರಲಿಲ್ಲ. ಆಲ್ಬಮ್‌ಗೆಂದು ಆರಿಸಿ ಕಳಿಸಿದ್ದ ಚಿತ್ರಗಳಷ್ಟೇ ಉಳಿದವು.

ಎರಡನೆಯ ಸಲ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಕಚೇರಿಯೊಂದರಿಂದ ಹೊರಬಿದ್ದ ಏಳನೇ ತಲೆಮಾರಿನ ಐ5 ಡೆಸ್ಕ್‌ಟಾಪ್ ತಂದೆ. "ಅಣ್ಣಾ, ಹಳೆಯದು ಸಾಕಾಗುತ್ತದೆಯೇ?" ಎಂದು ಅವರು ಅನುಮಾನದಿಂದಲೇ ಕೇಳಿದರು. ಧಾರಾಳವಾಗಿ ಸಾಕು. ಫೈಲ್ ಇಟ್ಟು ಕೊಡುವ ಕೆಲಸದಲ್ಲಿ ಪ್ರೊಸೆಸರ್ ಹೆಚ್ಚು ಹೊತ್ತು ಸುಮ್ಮನೇ ಕುಳಿತಿರುತ್ತದೆ. 8 ಜಿಬಿ ರ‍್ಯಾಮ್, ಫೈಲ್ ಸರ್ವರ್‌ಗೆಂದೇ ಮಾಡಿದ ಓಪನ್‌ಮೀಡಿಯಾವಾಲ್ಟ್ ಎಂಬ ಸಾಫ್ಟ್‌ವೇರ್, ಅದಕ್ಕೊಂದು ಸಣ್ಣ ಎಸ್‌ಎಸ್‌ಡಿ. ಕೊಳ್ಳುವ ಮುನ್ನ ಮುಚ್ಚಳ ತೆಗೆಸಿ, ಡಿಸ್ಕ್ ಕೂರಿಸುವ ಜಾಗ ಮತ್ತು ಪಿನ್ನು ಎಣಿಸಿದೆ. ಇಂಥ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಕಡೆ ಎಸ್‌ಎಂಪಿಎಸ್ ಆಯಾ ಕಂಪನಿಯ ಅಳತೆಯದೇ ಇರುತ್ತದೆ. ಆಮೇಲೆ ಬದಲಿಸೋಣವೆಂದರೆ ಅಂಗಡಿಯಲ್ಲಿ ಸಿಗುವುದು ಕೂರುವುದಿಲ್ಲ.

ಕರೆಂಟಿನ ಲೆಕ್ಕವನ್ನೂ ಈ ಸಲ ಮೊದಲೇ ಮಾಡಿದೆ. ಗ್ರಾಫಿಕ್ಸ್ ಕಾರ್ಡ್ ಇದ್ದ ಹಳೆಯ ಜೋಡಣೆ ಸುಮ್ಮನಿದ್ದಾಗಲೂ 78 ವ್ಯಾಟ್ ತಿನ್ನುತ್ತಿತ್ತು, ತಿಂಗಳಿಗೆ 56 ಯೂನಿಟ್. ಹೊಸದು ಎರಡು ಡಿಸ್ಕ್ ಸೇರಿ 32 ವ್ಯಾಟ್, 23 ಯೂನಿಟ್. ಗೃಹಜ್ಯೋತಿಯಲ್ಲಿ ನಮಗೆ ನಿಗದಿಯಾದ ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಅವರ ಮನೆಯ ಬಳಕೆ 150ರ ಆಸುಪಾಸು. ಹಳೆಯ ಸರ್ವರ್ ಇದ್ದಾಗ ಬೆಸ್ಕಾಂ ಬಿಲ್ ಏಕೆ ಬರುತ್ತಿತ್ತೆಂದು ಇಬ್ಬರಿಗೂ ಆಗ ತಿಳಿಯಿತು.

ಪ್ರೊಸೆಸರ್‌ನಲ್ಲಿ ಉಳಿದ ಹಣವೆಲ್ಲ ಡಿಸ್ಕಿಗೆ ಹೋಯಿತು. ಅಲ್ಲಿ ದತ್ತಾಂಶ ಬರೆಯುವ ರೀತಿಯಲ್ಲಿ ಸಿಎಂಆರ್, ಎಸ್‌ಎಂಆರ್ ಎಂಬ ವ್ಯತ್ಯಾಸವಿದೆ. ಸಿಎಂಆರ್‌ನಲ್ಲಿ ಪಥಗಳು ಒಂದರ ಮೇಲೊಂದು ಬರದೆ ಪಕ್ಕಪಕ್ಕದಲ್ಲಿರುತ್ತವೆ. ಎಸ್‌ಎಂಆರ್‌ನಲ್ಲಿ ದತ್ತಾಂಶದ ಪಥಗಳು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಕುಳಿತಿರುತ್ತವೆ. ನಡುವಿನ ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕಲ್ಲ, ಹಾಗೆಯೇ ಇಲ್ಲಿ ಒಂದು ಕಡೆ ತಿದ್ದಿದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಒಮ್ಮೆ ತುಂಬಿಸಿ ಎತ್ತಿಡಲು ಅಡ್ಡಿಯಿಲ್ಲ. ಒಂದೇ ಫೈಲನ್ನು ಎರಡರಲ್ಲೂ ಬರೆಯುವ ಜೋಡಿ ಡಿಸ್ಕ್‌ಗಳಲ್ಲಿ ಒಂದು ಕೆಟ್ಟು, ಹೊಸದಕ್ಕೆ ಎಲ್ಲವನ್ನೂ ತುಂಬುವಾಗ ಮಾತ್ರ ಪ್ರಾಣ ಹಿಂಡುತ್ತದೆ. ಡಿಸ್ಕ್ ಯಾವ ಬಗೆಯದೆಂದು ಪೆಟ್ಟಿಗೆಯ ಮೇಲೆ ಹುಡುಕಬೇಡಿ, ಕಂಪನಿಯ ವಿವರಪತ್ರದಲ್ಲಿ ಮಾದರಿ ಸಂಖ್ಯೆಯ ಎದುರು ನೋಡಿ. ಸೆಕೆಂಡ್ ಹ್ಯಾಂಡ್ ಡಿಸ್ಕ್ ಬೇಡವೇ ಬೇಡ. ಹೊಸದರಂತೆ ಹೊಳೆಯುತ್ತಿದ್ದ ಒಂದನ್ನು ಅಲ್ಲೇ ಲ್ಯಾಪ್‌ಟಾಪ್‌ಗೆ ಹಾಕಿ ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದಾಗ 41,000 ಗಂಟೆ ಓಡಿತ್ತು. ನಾಲ್ಕೂವರೆ ವರ್ಷಕ್ಕೂ ಹೆಚ್ಚು.

ಮನೆಯಲ್ಲಿ ಕೂರಿಸಿದ ಮೇಲೂ ಕರೆಂಟ್ ಹೋದಾಗಲೆಲ್ಲ ಸರ್ವರ್ ಆರಿ ಹತ್ತುತ್ತಿತ್ತು. ಇನ್ವರ್ಟರ್ ಇದೆಯಲ್ಲ ಎಂದು ಅವರ ಮನೆಯವರು ಬೇಸರಪಟ್ಟರು. ಇನ್ವರ್ಟರ್ ಹಿಂದೆ ಧೂಳು ಒರೆಸಿ ನೋಡಿದರೆ ಸಣ್ಣ ಸ್ವಿಚ್ ಇಕೋ ಕಡೆ ಇತ್ತು. ಆ ಕಡೆ ಇದ್ದಾಗ ಅದು ಬ್ಯಾಟರಿಗೆ ಬದಲಾಗುವುದು ನಿಧಾನ. ಯುಪಿಎಸ್ ಕಡೆಗೆ ತಳ್ಳಿದೆ, ಮೇನ್ ಸ್ವಿಚ್ ಆರಿಸಿದೆ. ಫ್ಯಾನ್ ಸದ್ದು ಬದಲಾಯಿತು, ಸರ್ವರ್‌ನ ದೀಪ ಅಲುಗಲಿಲ್ಲ.

ಜೋಡಿ ಡಿಸ್ಕ್ ಇದ್ದರೂ ಮೂರನೆಯದೊಂದನ್ನು ಹೊರಗೇ ಇಡಿಸಿದ್ದೇನೆ; ತಪ್ಪಿ ಅಳಿಸಿದರೆ ಜೋಡಿಯ ಎರಡರಲ್ಲೂ ಅಳಿಯುತ್ತದೆ. ಅಮಾವಾಸ್ಯೆಯ ದಿನ ಮದುವೆ ಇರುವುದಿಲ್ಲ. ಅಂದು ಅವರು ಎಲ್ಲವನ್ನೂ ಆ ಡಿಸ್ಕಿಗೆ ತುಂಬಿಸಿ, ಟವೆಲಿನಲ್ಲಿ ಸುತ್ತಿ, ತಿಪಟೂರಿನ ಅಕ್ಕನ ಮನೆಗೆ ಒಯ್ದು ಬೀರುವಿನಲ್ಲಿಟ್ಟು ಬರುತ್ತಾರೆ.