ಕ್ರಿಯಾಪದ ತಲೆ ತಿಂದ ಕಥೆ: ‘ಹಿಸ್ ಗರ್ಲ್ ಫ್ರೈಡೇ’ ಕನ್ನಡ ಸಬ್‌ಟೈಟಲ್

ಪತ್ರಿಕಾ ಸಂಪಾದಕ ವಾಲ್ಟರ್ ಕಚೇರಿಯ ಮೊದಲ ದೃಶ್ಯ ಕೊನೆಗೂ ಹದಕ್ಕೆ ಬಂತು. ಟೈಮಿಂಗ್ ಕೂರಿಸೋದು, ಕನ್ನಡ ಅಕ್ಷರ ಕೆಡದ ಹಾಗೆ ಫೈಲನ್ನು ಯುಟಿಎಫ್-8ರಲ್ಲಿ ಉಳಿಸೋದು ನಿಮಗೆ ಗೊತ್ತಿರೋದೇ, ಬಿಡಿ. ಸತಾಯಿಸಿದ್ದು ಕ್ರಿಯಾಪದ.

1940ರ ಈ ಚಿತ್ರದಲ್ಲಿ ಒಬ್ಬರ ಮಾತು ಮುಗಿಯೋತನಕ ಇನ್ನೊಬ್ಬರು ಕಾಯೋದೇ ಇಲ್ಲ. ನಿರ್ದೇಶಕ ಹೋವರ್ಡ್ ಹಾಕ್ಸ್ ಮಾಡಿದ ಉಪಾಯ: ಮಾತಿನ ತಲೆಗೂ ಬಾಲಕ್ಕೂ ಬೇಡದ ಪದ ತುಂಬಿ, ತಿರುಳನ್ನು ನಡುವೆ ಇಡೋದು. ಮಾತಿನ ಮೇಲೆ ಮಾತು ಬಿದ್ದರೂ ಹಾಳಾಗೋದು ತುದಿಗಳಷ್ಟೇ. ಕನ್ನಡಕ್ಕೆ ಬಾಲದಲ್ಲೇ ಜೀವ! ‘ನಾಳೆ ನಾನು ಬ್ರೂಸ್‌ನ ಮದುವೆ—’ ಅನ್ನುವಷ್ಟರಲ್ಲಿ ವಾಲ್ಟರ್ ಬಾಯಿ ಹಾಕಿದರೆ, ವರದಿಗಾರ್ತಿ ಹಿಲ್ಡಿ ಮದುವೆ ಆಗ್ತಾಳೋ ಬಿಡ್ತಾಳೋ ಓದುಗರಿಗೆ ತಿಳಿಯಲ್ಲ.

ಪರಿಹಾರ ನಮ್ಮ ಜಗಳದ ಭಾಷೆಯಲ್ಲೇ ಇತ್ತು: ‘ಮದುವೆ ಆಗ್ತಿದೀನಿ ನಾನು, ನಾಳೆ, ಬ್ರೂಸ್ ಜೊತೆ—’. ಕ್ರಿಯಾಪದ ದಾಟಿದ ಮೇಲೆ ಎಲ್ಲಿ ಕತ್ತರಿಸಿದರೂ ನಷ್ಟವಿಲ್ಲ. ಆದರೆ ಎಲ್ಲ ಸಾಲನ್ನೂ ಹೀಗೆ ತಿರುಗಿಸಿದರೆ ಕಂಪನಿ ನಾಟಕದ ಹಾಸ್ಯಪಾತ್ರ ಮಾತಾಡಿದ ಹಾಗಾಗುತ್ತೆ; ತುಂಡಾಗುವ ಸಾಲಿಗೆ ಮಾತ್ರ ಸಾಕು. ಬ್ರೂಸ್‌ಗೆ ಪೂರ್ತಿ ವಾಕ್ಯ, ಕೊನೆಯಲ್ಲಿ ಕ್ರಿಯಾಪದ, ಎಲ್ಲರಿಗೂ ‘ನೀವು’. ಆಲ್ಬನಿಯ ವಿಮಾ ಏಜೆಂಟನ ಸಪ್ಪೆತನ ಪುಕ್ಕಟೆಯಾಗಿ ಬಂತು. ಡೈವೋರ್ಸ್ ಆದ ಹಿಲ್ಡಿ-ವಾಲ್ಟರ್ ನಡುವೆ ‘ನೀನು’ ಬಿಟ್ಟು ಬೇರೇನು ಹಾಕಿದರೂ ಸುಳ್ಳು.

ಇನ್ನು ‘ಸಾಲು ಉದ್ದವಾಯ್ತು’ ಅಂತ ಸಬ್‌ಟೈಟಲ್ ಸಾಫ್ಟ್‌ವೇರ್ ತೋರಿಸುವ ಕೆಂಪು ಎಚ್ಚರಿಕೆಗಳ ಕಾಟ. ಯೂನಿಕೋಡ್ ಸಂಕೇತ ಎಣಿಸುವ ಸಾಫ್ಟ್‌ವೇರ್‌ಗೆ ‘ಪತ್ರಿಕೆ’ ಏಳು, ಕಣ್ಣಿಗೆ ಮೂರೇ ಅಕ್ಷರ. ಆ ಲೆಕ್ಕ ನಂಬಿ ಸಾಲು ಕೊಯ್ದರೆ ಜೋಕೇ ಸಾಯುತ್ತೆ. ಸದ್ಯ ಹಾಕಿಕೊಂಡ ಮಿತಿ ಸೆಕೆಂಡಿಗೆ ಕಣ್ಣಿಗೆ ಕಾಣುವ 9 ಅಕ್ಷರ, ಕನಿಷ್ಠ 1 ಸೆಕೆಂಡ್ ಪರದೆ ಮೇಲೆ. ಎರಡು ಸಾಲು ಬಂದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತೆ. ಔಟ್‌ಲೈನ್ ತೆಳು ಮಾಡಿ, ಸಾಲಿನ ಅಂತರ ಹೆಚ್ಚಿಸಿ.

ಡಿಸ್ಕ್ ಮಾರೋರಿಗೆ ಒಂದು ನಮಸ್ಕಾರ. ಅಮೆರಿಕದಲ್ಲಿ ಹಕ್ಕು ನವೀಕರಣ ಆಗದ ಚಿತ್ರವಾದ್ದರಿಂದ ಯಾರು ಬೇಕಾದರೂ ಯಾವ ಪ್ರತಿಯನ್ನಾದರೂ ಒತ್ತಿ ಮಾರಬಹುದು. ಕೈಗೆ ಬಂದದ್ದು ಸೆಕೆಂಡಿಗೆ 25 ಫ್ರೇಮಿನದು. 23.976ಕ್ಕೆ ಕೂರಿಸಿದ ಫೈಲು ಅದರಲ್ಲಿ ಒಂದು ಗಂಟೆಗೆ ಸುಮಾರು 2 ನಿಮಿಷ 28 ಸೆಕೆಂಡ್ ಹಿಂದೆ ಬೀಳುತ್ತೆ. ಅನುಪಾತ ಸರಿಮಾಡಿದರೂ ಸಾಲದು, ಹರಿದು ಫ್ರೇಮು ಕಳೆದುಹೋದ ಕಡೆಯೆಲ್ಲ ಮತ್ತೆ ಜಿಗಿತ. ಪ್ರತಿ ಜಿಗಿತದ ನಂತರದ ತುಂಡನ್ನು ಬೇರೆಯಾಗಿಯೇ ಸರಿಸಬೇಕು.

ಹಾಂ, ಮುಂದಿನ ಯೋಜನೆ: ಮೂಲ ನಾಟಕ ‘ದ ಫ್ರಂಟ್ ಪೇಜ್’ (1928) ಕನ್ನಡಕ್ಕೆ. ಅದನ್ನು ಬರೆದ ಬೆನ್ ಹೆಕ್ಟ್, ಚಾರ್ಲ್ಸ್ ಮ್ಯಾಕ್‌ಆರ್ಥರ್ ಇಬ್ಬರಲ್ಲಿ ಕೊನೆಗೆ ತೀರಿಕೊಂಡದ್ದು ಹೆಕ್ಟ್, 1964ರಲ್ಲಿ. ನಮ್ಮ ಕಾನೂನಿನ ಕೃತಿಸ್ವಾಮ್ಯದ 60 ವರ್ಷ 2024ರ ಕೊನೆಗೆ ಮುಗಿದಿದೆ. ನಾಟಕದ ಹಿಲ್ಡಿ ಗಂಡಸು, ಹೆಣ್ಣಾಗಿಸಿದ್ದು ಸಿನಿಮಾ. ಇಂಗ್ಲಿಷಿನಲ್ಲಿ ಎಷ್ಟೋ ಸಾಲು ಎರಡರ ನಡುವೆ ಹಾಗೇ ದಾಟಬಹುದು. ನಮಗೆ ‘ಬಂದ’, ‘ಬಂದಳು’ ಎಲ್ಲ ತಿದ್ದಬೇಕು. ನಾಟಕದಲ್ಲಿ ತಪ್ಪಿಸಿಕೊಂಡ ಕೈದಿ ಅಡಗಿ ಕೂರುವ, ಸುರುಳಿ ಮುಚ್ಚಳದ ರೋಲ್‌ಟಾಪ್ ಮೇಜಿಗೆ ಬಡಗಿ ಹೇಳಿದ ರೇಟಿನಲ್ಲಿ ನಿಜವಾದ ಕೈದಿಗೇ ಜಾಮೀನು ಕೊಡಿಸಬಹುದು.

ಅದಕ್ಕೆ ಮೊದಲು ಈ ಸಿನಿಮಾದಲ್ಲಿ ಒಟ್ಟಿಗೇ ಬರುವ ಮೂರು ದನಿ ಬಗೆಹರಿಯಬೇಕು: ವಾಲ್ಟರ್ ಫೋನಿನಲ್ಲಿ ಪತ್ರಿಕೆ ಕಚೇರಿಯ ಡಫಿಗೆ ಹೇಳಿ ಮುಖಪುಟದ ಸುದ್ದಿ ಕಿತ್ತು ಹಾಕಿಸುತ್ತಿದ್ದಾನೆ, ಹಿಲ್ಡಿ ಟೈಪ್ ಮಾಡುತ್ತಿದ್ದಾಳೆ, ಬ್ರೂಸ್ ಗೋಗರೆಯುತ್ತಿದ್ದಾನೆ. ಬ್ರೂಸ್‌ನನ್ನು ಪರದೆಯ ಮೇಲ್ಭಾಗಕ್ಕೆ ಏರಿಸಿದ ಪ್ರಯೋಗ ಕೆಟ್ಟಿತು: ಕಣ್ಣು ಮೇಲೆ ಕೆಳಗೆ ಓಡಿ ಎರಡೂ ಸಾಲು ಕೈತಪ್ಪಿದವು. ಈಗ ಕೆಳಗೊಂದೇ ಸಾಲು; ಹಿಲ್ಡಿಗೆ ಕೇಳಿಸದ ಬ್ರೂಸ್ ಮಾತಿಗೆ ಸಬ್‌ಟೈಟಲ್ಲೇ ಇಲ್ಲ.